ಒಂದು ಕೋಟಿ ಗುಲಗಂಜಿ

ಲಾಸ್ ವೇಗಸ್‌ನ ಗಿರವಿ ಅಂಗಡಿಯವನೊಬ್ಬ ನಮ್ಮಪ್ಪನಿಗೆ ಪರಿಚಯವಾದದ್ದು ತಮಿಳಿನಲ್ಲಿ. ಹಿಸ್ಟರಿ ಟಿವಿ 18 ಚಾನೆಲ್ಲು ನಂಜನಗೂಡಿನ ಕೇಬಲ್ಲಿಗೆ ಬಂದ ಹೊಸತು. ಅದರಲ್ಲಿ ‘ಪಾನ್ ಸ್ಟಾರ್ಸ್’ ಎಂಬ ಕಾರ್ಯಕ್ರಮ. ಅಮೆರಿಕದವರ ಇಂಗ್ಲಿಷು ಅಪ್ಪನ ಕಿವಿಗೆ ಹತ್ತುತ್ತಿರಲಿಲ್ಲ. ಕನ್ನಡಕ್ಕೆ ಡಬ್ ಮಾಡುವಂತಿರಲಿಲ್ಲ. ಸತ್ಯಮಂಗಲದ ಕಡೆಯ ಬಾಳೆಕಾಯಿ ವ್ಯಾಪಾರಿಗಳ ಜೊತೆ ಚೌಕಾಸಿ ಮಾಡಿ ಮಾಡಿ ಕಲಿತ ತಮಿಳು ಮಾತ್ರ ಗಟ್ಟಿಯಾಗಿತ್ತು. ಹೀಗಾಗಿ ಬೋಳುತಲೆಯ ರಿಕ್ ಹ್ಯಾರಿಸನ್, ಅವನ ಸಿಡುಕಿನ ಅಪ್ಪ, ಅವನ ಮಗ, ಮಗನ ಗೆಳೆಯ ಚಮ್ಲಿ ಎಲ್ಲರೂ ನಮ್ಮ ಪಡಸಾಲೆಯಲ್ಲಿ ರಾತ್ರಿ ಒಂಬತ್ತಕ್ಕೆ ತಮಿಳು ಮಾತಾಡುತ್ತಿದ್ದರು.

ಆಟ ಸರಳ. ಯಾರೋ ಒಬ್ಬರು ಹಳೆಯ ಬಂದೂಕನ್ನೋ ಗಿಟಾರನ್ನೋ ಕಾರನ್ನೋ ತರುತ್ತಾರೆ. ರಿಕ್ ಅದರ ಚರಿತ್ರೆ ಹೇಳುತ್ತಾನೆ. ಖಾತ್ರಿ ಇಲ್ಲದಿದ್ದರೆ ಬಲ್ಲವನೊಬ್ಬನನ್ನು ಕರೆಸುತ್ತಾನೆ. ಬಲ್ಲವನು ಬಂದು, ಇಷ್ಟು ಬಾಳುತ್ತೆ ಎಂದು ಹೇಳಿ ಹೋಗುತ್ತಾನೆ. ತಂದವನ ಮುಖ ಅರಳುತ್ತದೆ. ರಿಕ್ ಅದರ ಅರ್ಧಕ್ಕೆ ಕೇಳುತ್ತಾನೆ. ಮುಖ ಬಾಡುತ್ತದೆ. ಬರುವ ಗಿರಾಕಿಗಳನ್ನು ಮೊದಲೇ ಆರಿಸಿಟ್ಟಿರುತ್ತಾರೆ ಎಂದು ನಾನು ಹೇಳಿದೆ. ‘ನಮ್ಮೂರ ನಾಟಕದಲ್ಲೂ ಭೀಮ ಯಾರು ಅಂತ ಮೊದಲೇ ಗೊತ್ತಿರುತ್ತೆ, ನೋಡಲ್ವಾ?’ ಎಂದರು ಅಪ್ಪ.

ಅಮ್ಮನ ತಕರಾರು ಬೇರೆ. ‘ನಾನು ಎರಡು ಸಲ ಗಿರವಿ ಅಂಗಡಿಗೆ ಹೋಗಿದೀನಿ. ಎರಡು ಸಲಾನೂ ಸೆರಗು ಹೊದ್ದು, ದೇವಸ್ಥಾನಕ್ಕೆ ಹೊರಟೋಳ ಹಾಗೆ ಹಣ್ಣುಕಾಯಿ ಬುಟ್ಟಿ ಹಿಡ್ಕೊಂಡು, ಸುತ್ತು ಬಳಸಿ ಹೋಗಿದೀನಿ. ಇವರು ನೋಡಿದ್ರೆ ಕ್ಯಾಮೆರಾ ಕಡೆ ಹಲ್ಲು ಬಿಟ್ಕೊಂಡು ಬರ್ತಾರಲ್ಲ!’

ಆ ಎರಡು ಸಲವೂ ಅಡವಿಟ್ಟ ಬಳೆ ಹೋದದ್ದು ಕಾರಿಗೆ. ಅದು ಅಪ್ಪನಿಗೂ ಗೊತ್ತು. ಟಿವಿಯ ಸದ್ದು ಒಂದು ಗೆರೆ ಜಾಸ್ತಿ ಮಾಡಿದರು.

ಕಾರೆಂದರೆ ಅಂಬಾಸಿಡರ್, ಮಾರ್ಕ್ 2, 1968ರದು. ನಂಬರು ಹಳೆಯ ಮೈಸೂರು ರಾಜ್ಯದ ‘ಎಂವೈ’ ಅಕ್ಷರಗಳಿಂದ ಶುರುವಾಗುತ್ತದೆ. ತಾತ ಅದನ್ನು 1976ರಲ್ಲಿ ಮೈಸೂರಿನ ವಕೀಲರೊಬ್ಬರಿಂದ ಒಂಬತ್ತು ಸಾವಿರಕ್ಕೆ ಕೊಂಡಿದ್ದರು. ಬಣ್ಣ ಹಾಲುಕೆನೆಯದು. ತಾತನದು ರಸಬಾಳೆ ತೋಟ. ಡಿಕ್ಕಿಯಲ್ಲಿ ಗೊನೆ, ಹಿಂದಿನ ಸೀಟಿನಲ್ಲಿ ಗೊನೆ, ಮುಂದಿನ ಸೀಟಿನಲ್ಲಿ ತಾತ. ಕಪಿಲೆಯ ಮೇಲೆ ದಳವಾಯಿ ದೇವರಾಜರ ಕಾಲದಲ್ಲಿ, 1735ರಲ್ಲಿ, ಕಟ್ಟಿದ ಸೇತುವೆ ದಾಟಿ ಮೈಸೂರಿನ ಮಾರುಕಟ್ಟೆಗೆ. ರೈಲಿಗೂ ರಸ್ತೆಗೂ ಅದೊಂದೇ ಸೇತುವೆಯಾಗಿದ್ದ ಕಾಲ. ಹಣ್ಣಾದ ರಸಬಾಳೆಯ ವಾಸನೆ ಎಷ್ಟು ಸೋಪಿನ ನೀರು ಹಾಕಿದರೂ ಆ ಸೀಟುಗಳನ್ನು ಬಿಟ್ಟಿಲ್ಲ. ಅಮ್ಮ ಮದುವೆಯಾಗಿ ತಿ. ನರಸೀಪುರದಿಂದ ಬಂದದ್ದೂ ಅದೇ ವಾಸನೆಯಲ್ಲಿ ಕೂತು. ಬೀಗರು ಹನ್ನೊಂದು ಜನ, ಒಂದೇ ಕಾರು. ಮುಂದಿನ ಸೀಟು ಬೆಂಚಿನ ಹಾಗೆ, ಗೇರು ಸ್ಟಿಯರಿಂಗಿನ ಪಕ್ಕದಲ್ಲಿ. ಆದ್ದರಿಂದ ಮುಂದೆ ನಾಲ್ವರು ಕೂರಬಹುದು, ಐದನೆಯವರು ಮಗುವಾಗಿದ್ದರೆ ಸಾಕು.

ಈ ಕಾರಿನ ಮೂಲ ಇಂಗ್ಲೆಂಡಿನದು. ಆಕ್ಸ್‌ಫರ್ಡ್ ಬಳಿಯ ಕೌಲಿಯಲ್ಲಿ ತಯಾರಾಗುತ್ತಿದ್ದ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯನ್ನು ಬಿರ್ಲಾ ಅವರ ಹಿಂದೂಸ್ತಾನ್ ಮೋಟರ್ಸ್ ಐವತ್ತರ ದಶಕದ ಕೊನೆಗೆ ಕಲ್ಕತ್ತೆಯ ಹತ್ತಿರದ ಉತ್ತರಪಾರಾಕ್ಕೆ ತಂದು ಅಂಬಾಸಿಡರ್ ಎಂದು ಕರೆಯಿತು. ಇಂಗ್ಲೆಂಡಿನವರು ಅದನ್ನು ಮೂರೇ ವರ್ಷದಲ್ಲಿ ಬಿಟ್ಟರು. ನಾವು ಐವತ್ತಕ್ಕೂ ಹೆಚ್ಚು ವರ್ಷ ಬಿಡಲಿಲ್ಲ. 2013ರಲ್ಲಿ ಬಿಬಿಸಿಯ ‘ಟಾಪ್ ಗೇರ್’ ಕಾರ್ಯಕ್ರಮದವರು ದೇಶದೇಶದ ಟ್ಯಾಕ್ಸಿಗಳಿಗೆ ಪಂದ್ಯ ಏರ್ಪಡಿಸಿದಾಗ ಗೆದ್ದದ್ದು ಅಂಬಾಸಿಡರ್. ಅಪ್ಪ ಪೇಪರಿನಲ್ಲಿ ಓದಿ ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು. ಮರುವರ್ಷ ಮೇ ತಿಂಗಳಲ್ಲಿ ಉತ್ತರಪಾರಾ ಕಾರ್ಖಾನೆ ಕೆಲಸ ನಿಲ್ಲಿಸಿತು. ಅದನ್ನು ಯಾರಿಗೂ ಹೇಳಲಿಲ್ಲ. 2017ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯವರು ಅಂಬಾಸಿಡರ್ ಎಂಬ ಹೆಸರನ್ನು 80 ಕೋಟಿ ರೂಪಾಯಿಗೆ ಕೊಂಡರು. ‘ಬರೀ ಹೆಸರಿಗೆ ಎಂಬತ್ತು ಕೋಟಿ. ನಮ್ಮ ಹತ್ತಿರ ಹೆಸರಿನ ಜೊತೆ ಕಾರೂ ಇದೆ’ ಎಂದು ಅಪ್ಪ ಅಮ್ಮನಿಗೆ ಲೆಕ್ಕ ಹೇಳಿದರು. ಅಮ್ಮ ಬೀನ್ಸ್ ಸೋಸುತ್ತಿದ್ದಳು.

ಪಾನ್ ಸ್ಟಾರ್ಸ್ ಸಾಲದಾಗಿ ಅಪ್ಪ ‘ವೀಲರ್ ಡೀಲರ್ಸ್’ಗೆ ಹೋದರು. ಅದು ಬ್ರಿಟನ್ನಿನದು. ಮೈಕ್ ಬ್ರೂವರ್ ಎಂಬ ಮಾತುಗಾರ ಹಳೆಯ ಕಾರು ಕೊಂಡು ತರುತ್ತಾನೆ, ಎಡ್ ಚೈನಾ ಎಂಬ ಆರೂವರೆ ಅಡಿಯ ಸೌಮ್ಯ ಮನುಷ್ಯ ರಿಪೇರಿ ಮಾಡುತ್ತಾನೆ, ಮೈಕ್ ಮಾರುತ್ತಾನೆ. ಕೊನೆಗೆ ಲೆಕ್ಕ ತೋರಿಸುತ್ತಾರೆ: ಕೊಂಡದ್ದು ಇಷ್ಟು, ಬಿಡಿಭಾಗ ಇಷ್ಟು, ಮಾರಿದ್ದು ಇಷ್ಟು, ಲಾಭ ಇಷ್ಟು. ಎಡ್ ಚೈನಾನ ಕೂಲಿ ಮಾತ್ರ ಆ ಲೆಕ್ಕದಲ್ಲಿ ಇರುವುದೇ ಇಲ್ಲ. ಇದನ್ನು ಕಂಡುಹಿಡಿದದ್ದು ನಮ್ಮ ಗ್ಯಾರೇಜಿನ ಭಾಯ್. ತಾತನ ಕಾಲದಿಂದಲೂ ಈ ಕಾರಿನ ಹೊಟ್ಟೆ ಬಲ್ಲವರು ಅವರೊಬ್ಬರೇ. ಒಂದು ಸಂಜೆ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಾ ನೋಡಿದವರು, ‘ಆ ಉದ್ದದ ಮನುಷ್ಯ ಹದಿನೈದು ದಿನ ಕಾರಿನ ಕೆಳಗೆ ಮಲಗಿದ್ನಲ್ಲ ಸಾರ್, ಅವನ ದುಡ್ಡೆಲ್ಲಿ?’ ಎಂದರು. ಅಪ್ಪ ನಕ್ಕರು. ಭಾಯ್ ನಗಲಿಲ್ಲ. ಮಾರನೆಯ ದಿನ ಅಪ್ಪ ಅವರಿಗೆ ಹಳೆಯ ಬಾಕಿಯಲ್ಲಿ ಎರಡು ಸಾವಿರ ಕೊಟ್ಟು ಬಂದರು.

ಬೆಲೆ ಎನ್ನುವುದು ಹುಟ್ಟುವ ರೀತಿಯೇ ವಿಚಿತ್ರ. ಬ್ಯಾಟ್‌ಮನ್ ಧಾರಾವಾಹಿಗೆಂದು ಜಾರ್ಜ್ ಬ್ಯಾರಿಸ್ ಒಂದು ಕಾರನ್ನು ರೂಪಿಸಿದ್ದ. ಫೋರ್ಡ್ ಕಂಪನಿ 1955ರಲ್ಲಿ ಪ್ರದರ್ಶನಕ್ಕೆ ಮಾಡಿಟ್ಟ ಲಿಂಕನ್ ಫ್ಯೂಚುರಾ ಅವನ ಕೈಗೆ ಒಂದೇ ಡಾಲರಿಗೆ ಬಂದದ್ದೆಂದು ಹೇಳುತ್ತಾರೆ. 2013ರ ಜನವರಿಯಲ್ಲಿ ಟಿವಿ ಕ್ಯಾಮೆರಾಗಳ ಎದುರು ಬ್ಯಾರೆಟ್-ಜಾಕ್ಸನ್ ಹರಾಜಿನಲ್ಲಿ ಅದು 46 ಲಕ್ಷ ಡಾಲರಿಗೂ ಮೇಲೆ ಹೋಯಿತು. 2022ರ ಮೇ ತಿಂಗಳಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಒಂದು ಮರ್ಸಿಡಿಸ್ 300 ಎಸ್‌ಎಲ್‌ಆರ್ ಕೂಪೆ 13.5 ಕೋಟಿ ಯೂರೋಗೆ ಮಾರಾಟವಾಯಿತು. ಅಂಥವು ಲೋಕದಲ್ಲಿ ಇದ್ದದ್ದೇ ಎರಡು. ಲಕ್ಷಗಟ್ಟಲೆ ತಯಾರಾದ ಕಾರು ನಮ್ಮದು. ಅಪರೂಪದ ಮಾತು ಬಂದರೆ ನಾವು ಬಾಯಿ ಮುಚ್ಚಿಕೊಳ್ಳಬೇಕು. ಇದನ್ನು ಅಪ್ಪನಿಗೆ ಹೇಳಿದೆ. ‘ರಸಬಾಳೆ ಸಹ ಒಂದು ಕಾಲಕ್ಕೆ ಎಲ್ಲರ ತೋಟದಲ್ಲೂ ಇತ್ತು. ಈಗ ಹುಡುಕು’ ಎಂದರು. ರೋಗ ಬಿದ್ದು ಹಾಳಾದ ತಾತನ ತೋಟದ ಮಾತು ಬಂದಮೇಲೆ ನಾನು ಮುಂದೆ ವಾದಿಸಲಿಲ್ಲ.

ನಮ್ಮ ಕಾರು ಕೇಳಿಕೊಂಡು ಮೊದಲ ಗಿರಾಕಿ ಬೆಂಗಳೂರಿನಿಂದ ಬಂದ. ಹೋಟೆಲು ಮಾಡುತ್ತಿದ್ದಾನಂತೆ, ಹಳೆಯ ಕಾಲದ ಕಳೆ ಬೇಕಂತೆ. ಕಾರನ್ನು ಸುತ್ತಿ ಬಂದು, ಗ್ರಿಲ್ಲು ಸವರಿ, ಲೈಟು ತಟ್ಟಿ, ಮೂವತ್ತೈದು ಸಾವಿರ ಎಂದ. ಅಪ್ಪ ರಿಕ್ ಹ್ಯಾರಿಸನ್‌ನ ಹಾಗೆ ಕೈಕಟ್ಟಿ ನಿಂತು, ‘ಬಲ್ಲವರನ್ನ ಕೇಳಬೇಕು’ ಎಂದರು. ಆಮೇಲೆ ತಿಳಿಯಿತು, ಅವನಿಗೆ ಬೇಕಾದದ್ದು ಮುಂದಿನ ಅರ್ಧ ಮಾತ್ರ. ಬಾಗಿಲವರೆಗೆ ಕೊಯ್ದು ಗೋಡೆಗೆ ಅಂಟಿಸಿ, ಬಾನೆಟ್ಟಿನ ಮೇಲೆ ಬಿಲ್ಲಿನ ಮೆಷಿನ್ನು ಇಡುತ್ತಾನಂತೆ. ‘ಹಿಂದಿನ ಅರ್ಧ ನೀವೇ ಇಟ್ಕೊಳಿ ಸಾರ್, ಸೋಫಾ ಮಾಡಿಸ್ಬಹುದು.’ ಅಪ್ಪ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದರು. ಬೈದು ಕಳಿಸುವವರಿಗೆ ಅವರು ಮಜ್ಜಿಗೆ ಕೊಡುವುದಿಲ್ಲ. ಅವನ ಮೇಲೆ ಅವರಿಗೆ ಕನಿಕರ ಹುಟ್ಟಿತ್ತು ಎಂದೇ ನನ್ನ ಊಹೆ.

ಅಷ್ಟರಲ್ಲಿ ಅಪ್ಪ ಇನ್ನೊಂದು ಮಾತು ಕಲಿತಿದ್ದರು: ‘ಮ್ಯಾಚಿಂಗ್ ನಂಬರ್ಸ್’. ಕಾರು ಹುಟ್ಟಿದಾಗ ಇದ್ದ ಎಂಜಿನ್ನೇ ಈಗಲೂ ಇದೆಯೇ, ಅದರ ನಂಬರು ಕಾಗದದಲ್ಲಿರುವ ನಂಬರಿಗೆ ಕೂಡುತ್ತದೆಯೇ ಎಂಬುದು. ಕೂಡಿದರೆ ಬೆಲೆ, ಕೂಡದಿದ್ದರೆ ಬರೀ ಹಳೆಯ ಕಾರು. ಟ್ರಂಕಿನಿಂದ ಆರ್‌ಸಿ ಪುಸ್ತಕ ತೆಗೆದು, ಕನ್ನಡಕ ಹಾಕಿಕೊಂಡು, ಬಾನೆಟ್ ಎತ್ತಿದರು. ಕೂಡಲಿಲ್ಲ. ಹೇಗೆ ಕೂಡೀತು? 1986ರಲ್ಲಿ ತಾತ, ಆ ಕಾಲದ ಎಷ್ಟೋ ಅಂಬಾಸಿಡರ್ ಮಾಲೀಕರ ಹಾಗೆ, ಪೆಟ್ರೋಲ್ ಎಂಜಿನ್ ಇಳಿಸಿ ಮೆಟಡೋರಿನ ಡೀಸೆಲ್ ಎಂಜಿನ್ ಕೂರಿಸಿದ್ದರು. ಅಮ್ಮನ ಬಳೆ ಎರಡನೆಯ ಸಲ ಹೋದದ್ದು ಆಗಲೇ.

ಮೇಲಾಗಿ ಕಾನೂನೂ ಬಂತು. 2021ರ ಜುಲೈನಲ್ಲಿ ಕೇಂದ್ರದ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ನಿಯಮ ಮಾಡಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ನು ಮೂಲದಂತೆಯೇ ಇರಬೇಕು. ಹೊಸದಾಗಿ ನೋಂದಾಯಿಸಲು ಇಪ್ಪತ್ತು ಸಾವಿರ ರೂಪಾಯಿ. ಹತ್ತು ವರ್ಷಕ್ಕೆ ಊರ್ಜಿತ. ನಂಬರಿನ ನಡುವೆ ‘ವಿಎ’ ಎಂಬ ಎರಡಕ್ಷರ ಬರುತ್ತದೆ. ಪ್ರದರ್ಶನ, ರ‍್ಯಾಲಿ ಇಂಥವಕ್ಕೆ ಓಡಿಸಬಹುದು, ದಿನದ ಓಡಾಟಕ್ಕಿಲ್ಲ. ಗುಜರಿಗೆ ಹಾಕುವ ನೀತಿಯೂ ಆ ವರ್ಷದ್ದೇ. ಕಾರು ಐವತ್ತು ದಾಟಿದರೆ ಪೂಜ್ಯ, ಹದಿನೈದು ದಾಟಿದರೆ ಪೀಡೆ. ನಡುವಿನ ಮೂವತ್ತೈದು ವರ್ಷ ಅದು ಎಲ್ಲಿ ಅಡಗಿಕೊಳ್ಳಬೇಕೋ!

‘ಆ ಹಳೇ ಎಂಜಿನ್ ಏನಾಯ್ತು?’ ಅಪ್ಪ ಕೇಳಿದ್ದು ಗಾಳಿಯನ್ನು. ಉತ್ತರ ಅಡುಗೆಮನೆಯಿಂದ ಬಂತು. ‘ನರಸೀಪುರದಲ್ಲಿ ನಮ್ಮಣ್ಣನ ಕೊಟ್ಟಿಗೇಲಿದೆ. ಮಾವನೋರೇ ಇಟ್ಟು ಬಂದಿದ್ರು. ಅದರ ಮೇಲೆ ಹಿಂಡಿ ಮೂಟೆ ಇಡ್ತಾರೆ.’ ಹನ್ನೆರಡು ವರ್ಷದಿಂದ ಲಾಸ್ ವೇಗಸ್ ನೋಡುತ್ತಿದ್ದ ಅಪ್ಪ ಬಲ್ಲವರನ್ನು ಮನೆಯೊಳಗೆ ಕೇಳಿರಲಿಲ್ಲ.

2025ರ ಫೆಬ್ರವರಿಯಲ್ಲಿ ನರಸೀಪುರದ ಸಂಗಮದ ಕುಂಭಮೇಳದ ಜನ ಕರಗಿದ ಮೇಲೆ, ಅದೇ ಕಾರಿನಲ್ಲಿ ಮೂವರೂ ಅಲ್ಲಿಗೆ ಹೋದೆವು. ಸೋದರಮಾವ ಭಾವನ ಮನಸ್ಸು ತಪ್ಪು ತಿಳಿದು, ಕಾರು ಮಾರುವುದಕ್ಕೆಂದೇ ಬಂದಿದ್ದಾರೆ ಎಂದುಕೊಂಡು ಗುಜರಿಯವನನ್ನು ಕರೆಸಿಬಿಟ್ಟಿದ್ದರು. ಅವನು ಚರಿತ್ರೆ ಕೇಳಲಿಲ್ಲ, ಬಾನೆಟ್ ಎತ್ತಲಿಲ್ಲ. ‘ಕೆಜಿಗೆ ಇಪ್ಪತ್ತಾರು. ತೂಕ ಹಾಕ್ಸಿ’ ಎಂದ. ಅಪ್ಪನಿಗೆ ಕುತೂಹಲ. ಭತ್ತದ ಲಾರಿ ತೂಗುವ ವೇಬ್ರಿಡ್ಜಿಗೆ ಕಾರು ಹತ್ತಿಸಿದರು. ಇಳಿಯಲಿಲ್ಲ.

‘ಇಳೀರಿ ಸ್ವಾಮಿ, ನಿಮ್ಮ ತೂಕಕ್ಕೂ ದುಡ್ಡು ಕೊಡಕ್ಕಾಯ್ತದಾ?’

‘ಕೊಡೋದು ಬೇಡ. ತುಲಾಭಾರ ಅನ್ಕೋ’ ಎಂದರು ಅಪ್ಪ, ಸ್ಟಿಯರಿಂಗ್ ಹಿಡಿದುಕೊಂಡೇ.

ನಂಜುಂಡೇಶ್ವರನ ಎದುರು ಬೆಲ್ಲದಲ್ಲೋ ಅಕ್ಕಿಯಲ್ಲೋ ಮಕ್ಕಳನ್ನು ತೂಗಿಸುವ ಊರಿನವರಿಗೆ ಅದೇನೂ ಹೊಸದಲ್ಲ. ಆನೆಯ ಕಣ್ಣು ಬಂದದ್ದಕ್ಕೆ ಟಿಪ್ಪು ಪಚ್ಚೆ ಲಿಂಗ ಕೊಟ್ಟನೆಂದು ಹೇಳಿಕೊಳ್ಳುವ ಊರು ನಮ್ಮದು. ವಿನಿಮಯದ ದರ ಅಲ್ಲಿ ಬೇರೆಯೇ. ಚೀಟಿ ಬಂತು: 1,210 ಕಿಲೋ. ಗುಜರಿ ದರದಲ್ಲಿ, ಅಪ್ಪನೂ ಸೇರಿ, 31,460 ರೂಪಾಯಿ.

ಅಮ್ಮ ಅಲ್ಲಿಂದ ನೇರ ಗುಂಜಾ ನರಸಿಂಹನ ಗುಡಿಗೆ ನಡೆಸಿದಳು. ತೌರಿನ ದೇವರು. ಆ ನರಸಿಂಹನ ಕೈಯಲ್ಲಿ ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಸ್ಥಳಪುರಾಣ. ಕಾಶಿಗೆ ಹೊರಟಿದ್ದ ಅಗಸನೊಬ್ಬನಿಗೆ ದೇವರೇ ಹಾಗೆ ಹೇಳಿ ತಡೆದನಂತೆ. ನನಗೆ ಈ ಲೆಕ್ಕ ಚಿಕ್ಕಂದಿನಿಂದ ಇಷ್ಟ. ನೂರು ಪಟ್ಟು ಎನ್ನಲಿಲ್ಲ, ಸಾವಿರ ಪಟ್ಟು ಎನ್ನಲಿಲ್ಲ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಕಾಳು, ಸುಮಾರು 120 ಮಿಲಿಗ್ರಾಂ, ಅಷ್ಟೇ ಹೆಚ್ಚು. ತನ್ನೂರನ್ನು ಬಿಟ್ಟು ಹೋಗದಿರಲು ಅಷ್ಟು ಸಾಕು ಎಂದು ಒಬ್ಬ ಅಗಸನಿಗೆ ಅನ್ನಿಸಿತು. ಅಡವಿಟ್ಟ ಬಳೆಯ ತೂಕವನ್ನು ಗುಲಗಂಜಿಯಲ್ಲೇ ಹೇಳುತ್ತಿದ್ದ ಅಜ್ಜಿ ಇದೇ ಬೀದಿಯಲ್ಲಿದ್ದಳು.

ಗುಡಿಯ ಜಗಲಿಯ ಮೇಲೆ ಕೂತು ಮೊಬೈಲಿನಲ್ಲಿ ಸುಮ್ಮನೆ ಭಾಗಿಸಿ ನೋಡಿದೆ. 1,210 ಕಿಲೋಗೆ ಎಷ್ಟು ಗುಲಗಂಜಿ? ಒಂದು ಕೋಟಿ, ಚಿಲ್ಲರೆ. ಅಪ್ಪನಿಗೆ ತೋರಿಸಿದೆ. ಸೊನ್ನೆಗಳನ್ನು ಬೆರಳಿಟ್ಟು ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಆಮೇಲೆ ಅಮ್ಮನ ಕಡೆ ತಿರುಗಿ, ‘ನೋಡಿದ್ಯಾ? ಕೋಟಿ ಬಾಳುತ್ತೆ’ ಎಂದರು.

‘ಅದರಲ್ಲಿ ನನ್ನ ಬಳೆದೆಷ್ಟು?’ ಎಂದಳು ಅಮ್ಮ.

ಕೊಟ್ಟಿಗೆಯಲ್ಲಿ ಹಿಂಡಿ ಮೂಟೆ ಸರಿಸಿದಾಗ ಎಂಜಿನ್ ಮೇಲೆ ಒಂದು ಕೋಳಿ ಕಾವು ಕೂತಿತ್ತು. ಮೊಟ್ಟೆ ಒಡೆದು ಮರಿ ಬರುವವರೆಗೆ ಎಬ್ಬಿಸುವ ಹಾಗಿಲ್ಲ ಎಂದರು ಅತ್ತೆ. ಹದಿನೆಂಟು ದಿನ ಕಾದೆವು. ನಂಬರಿನ ಮೇಲಿನ ಹಿಕ್ಕೆಯನ್ನು ಸೀಮೆಎಣ್ಣೆಯಲ್ಲಿ ಉಜ್ಜಿದಾಗ ಒಂದೊಂದೇ ಅಂಕಿ ಬಂತು. ಆರ್‌ಸಿ ಪುಸ್ತಕಕ್ಕೆ ಕೂಡಿತು. ಭಾಯ್ ನಾಲ್ಕು ತಿಂಗಳು ತೆಗೆದುಕೊಂಡರು. ಈ ಸಲ ಅವರ ಕೂಲಿಯನ್ನು ಅಪ್ಪ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲೇ ಬರೆದಿಟ್ಟರು.

ಇಪ್ಪತ್ತು ಸಾವಿರದ ನೋಂದಣಿ ಇನ್ನೂ ಆಗಿಲ್ಲ. ಎರಡು ಬಳೆಯ ಬಾಕಿ ತೀರಿದ ಮೇಲೆ ಎಂದು ಅಮ್ಮ ಆಜ್ಞೆ ಮಾಡಿದ್ದಾಳೆ. ಬರುವ ದೊಡ್ಡ ಜಾತ್ರೆಗೆ ನಂಜನಗೂಡಿಗೆ ಬಂದವರು ತೇರು ನೋಡಿಕೊಂಡು ನಮ್ಮ ಮನೆಗೂ ಬನ್ನಿ, ಕಾರು ತೋರಿಸುತ್ತೇವೆ. ಎಂಜಿನ್ ತಿರುಗಿಸುವ ಹ್ಯಾಂಡಲ್ಲು ಎಲ್ಲೋ ಕಳೆದುಹೋಗಿದೆ, ಬೆಳಗಿನ ಹೊತ್ತು ತಳ್ಳಿದರೆ ಮಾತ್ರ ಸ್ಟಾರ್ಟ್ ಆಗುತ್ತದೆ. ಆದ್ದರಿಂದ ಒಬ್ಬರೇ ಬರಬೇಡಿ.