ಮಾಗಡಿಯ ಕೆರೆಯ ಏರಿ



ಗದಗ-ಬೆಟಗೇರಿಯ ನಮ್ಮ ಶಾಲೆಯಲ್ಲಿ ಕಲಿತವರೊಳಗೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆಯಿಂದ ಬಂದವರು ಬಹು ಮಂದಿ ಇದ್ದೇವೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕೆರೆಯ ಬೆಲೆಯನ್ನು ನಮಗೆ ಯಾರೂ ಪುಸ್ತಕದಿಂದ ಕಲಿಸಬೇಕಾಗಿರಲಿಲ್ಲ. ಆದರೂ ಶಿರಹಟ್ಟಿ ತಾಲೂಕಿನ ಮಾಗಡಿಯ ಕೆರೆಯ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ನನ್ನ ಮನಸ್ಸಿನಲ್ಲಿ ಬಹು ದಿನದಿಂದ ಇತ್ತು.

ಕೆರೆಯು ದೊಡ್ಡದಲ್ಲ, ಸುಮಾರು 50 ಹೆಕ್ಟೇರು, ಅಂದರೆ 120 ಎಕರೆಗಳಷ್ಟು. ಹೊಲಗಳಿಗೆ ಉಣಿಸುವದಕ್ಕಾಗಿ ಮಳೆಯ ನೀರನ್ನು ಹಿಡಿದಿಡಲು ಮನುಷ್ಯರು ಕಟ್ಟಿದ್ದು. ಮಣ್ಣಿನ ಏರಿಯು ನೋಡುವದಕ್ಕೆ ಬಲವಾಗಿ ಕಂಡರೂ ಬಹು ಸೂಕ್ಷ್ಮವಾದದ್ದು. ಹೆಗ್ಗಣದ ಒಂದು ಬಿಲ, ಕೊಳೆತ ಬೇರಿನ ಒಂದು ಸಂದು ಸಾಕು. ಜಿನುಗುವ ನೀರು ಮಣ್ಣನ್ನು ಹೊತ್ತೊಯ್ದು ತನ್ನ ದಾರಿಯನ್ನು ದೊಡ್ಡದು ಮಾಡಿಕೊಳ್ಳುವದು. ನೀರು ಏರಿಯ ಮೇಲೆಯೇ ಹರಿದರಂತೂ ಅದು ಉಳಿಯಲಾರದು. ಆದದರಿಂದಲೇ ಹೆಚ್ಚಿನ ನೀರಿಗೆ ಕೋಡಿಯೂ ಬೇಕಾದಷ್ಟು ಬಿಡಲಿಕ್ಕೆ ತೂಬೂ ಇರಬೇಕು. ಹೂಳು ತೆಗೆಯುವ ಕೈಗಳೂ ಇರಬೇಕು.

ಹೀಗೆ ತಮಗಾಗಿ ಜನರು ಕಟ್ಟಿಕೊಂಡ ನೀರಿಗೆ ಚಳಿಗಾಲದಲ್ಲಿ ಅತಿಥಿಗಳು ಬರುವವು. ಮಂಗೋಲಿಯ, ಟಿಬೇಟುಗಳ ಎತ್ತರದ ನಾಡುಗಳಲ್ಲಿ ಮರಿಮಾಡುವ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬಂದು ಇಲ್ಲಿ ಇಳಿಯುವವು. ತೆಳುವಾದ ಗಾಳಿಯಿಂದಲೂ ಪ್ರಾಣವಾಯುವನ್ನು ಹಿಡಿದುಕೊಳ್ಳುವ ಶಕ್ತಿಯು ಅವುಗಳ ರಕ್ತಕ್ಕಿದೆ. ವರ್ಷಕ್ಕೆ ಸುಮಾರು 8,000 ಹೆಬ್ಬಾತುಗಳು ಬರುತ್ತವೆಂದು ಲೆಕ್ಕವುಂಟು. ಅವು ಮೀನು ಹಿಡಿಯುವವಲ್ಲ, ಹುಲ್ಲು ಪೈರುಗಳನ್ನು ಮೇಯುವವು. ಕೆರೆಯ ಮೀನಿಗೆ ಹಾವಕ್ಕಿ, ಬಣ್ಣದ ಕೊಕ್ಕರೆ, ನದಿಯ ರೀವಗಳು ಬೇರೆಯೇ ಇವೆ. ಒಟ್ಟು 166 ಜಾತಿಯ ಪಕ್ಷಿಗಳು ಇಲ್ಲಿ ಕಂಡಿವೆ. ಅವುಗಳಲ್ಲಿ 130 ವಲಸೆ ಬರುವಂಥವು.

ಹಗಲು ನೀರಿನಲ್ಲಿ ವಿಶ್ರಮಿಸಿ ಹೊತ್ತು ಮುಳುಗಿದ ಮೇಲೆ ಹೆಬ್ಬಾತುಗಳು ಹೊಲಗಳಿಗೆ ಏಳುವವು. ನನ್ನ ತವರಿನ ಹೊಲವೂ ಆ ಸುತ್ತಿನದೇ. ಕಡಲೆ ಎಳೆಯದಾಗಿರುವಾಗ ಬೆಳಗಿನಲ್ಲಿ ಹೋಗಿ ನೋಡಿದರೆ ಸಾಲಿಗೆ ಸಾಲೇ ಬೋಳಾಗಿರುತ್ತಿತ್ತು. ಅಪ್ಪನು ರಾತ್ರಿಯೆಲ್ಲ ಡಬ್ಬ ಬಡಿದು ಓಡಿಸುತ್ತಿದ್ದನು. ಕಲ್ಲನ್ನು ಮಾತ್ರ ಎಂದೂ ಎಸೆಯಲಿಲ್ಲ. ಅವ್ವನು ಒಮ್ಮೆ ಆ ಬೋಳು ಸಾಲಿನಲ್ಲಿ ನಿಂತು, "ಬಂದವರಿಗೆ ಉಣಬ್ಯಾಡ ಅನ್ನಾಕ ಬರೂದಿಲ್ಲ. ಆದರ ಊರಿಗೆಲ್ಲಾ ಬೀಗರು, ನಮ್ಮ ತಾಟಿಗಷ್ಟ ಕೈ!" ಎಂದಳು. ಆ ವರ್ಷ ಕಡಲೆಯನ್ನು ಮಾರಿ ನನ್ನ ಬೋರ್ಡಿಂಗಿನ ಹಣ ಕಟ್ಟುವದಿತ್ತು. ಅವ್ವನ ಕೈಯ ಬಿಲವಾರ ಸಾಹುಕಾರನ ಪೆಟ್ಟಿಗೆ ಸೇರಿತು. ನನ್ನ ಓದು ನಿಲ್ಲಲಿಲ್ಲ.

1971ರಲ್ಲಿ ಇರಾನದ ರಾಮ್‌ಸಾರ್ ಪಟ್ಟಣದಲ್ಲಿ ಹಲವು ರಾಷ್ಟ್ರಗಳು ಜೌಗುನೆಲಗಳ ರಕ್ಷಣೆಗಾಗಿ ಒಪ್ಪಂದ ಮಾಡಿಕೊಂಡವು. ಆ ಪಟ್ಟಿಯಲ್ಲಿ 2024ರಲ್ಲಿ ಮಾಗಡಿಯ ಹೆಸರೂ ಸೇರಿತು. ಈ ಮಾನವನ್ನು ಕೇಳಿ ನಾನು ಹಿಗ್ಗಿದೆನು. ಆದರೆ ಕೀರ್ತಿಯು ನಾಡಿಗೆಲ್ಲ ಹಂಚಿಹೋಗುವಾಗ ಖರ್ಚು ಮಾತ್ರ ಹತ್ತಿರದ ಹೊಲದವನ ಲೆಕ್ಕಕ್ಕೆ ಬೀಳುವದು ನ್ಯಾಯವಲ್ಲ. ಅತಿಥಿಯನ್ನು ಕರೆದು ಮೆಚ್ಚುವವರೆಲ್ಲರೂ ಅಡಿಗೆಯ ಭಾರವನ್ನು ಹೊರಬೇಕು. ಆ ಒಕ್ಕಲಿಗನು ಬೇಸತ್ತರೆ ಏರಿಯ ಬಿಲವನ್ನು ಯಾರು ಮುಚ್ಚುವರು, ಹೂಳನ್ನು ಯಾರು ಎತ್ತುವರು? ನೀರು ನಿಲ್ಲದ ಕೆರೆಗೆ ಹೆಸರು ಎಷ್ಟು ದೊಡ್ಡದಿದ್ದರೇನು, ಹಕ್ಕಿಯು ಇಳಿಯದು.

ಸೋದರಿಯರೇ, ಡಿಸೆಂಬರ, ಜನವರಿ ತಿಂಗಳುಗಳಲ್ಲಿ ಮಕ್ಕಳನ್ನು ಕರೆದುಕೊಂಡು ಅವಶ್ಯವಾಗಿ ಮಾಗಡಿಗೆ ಹೋಗಿರಿ. ನೀರನ್ನೂ ಹಕ್ಕಿಗಳನ್ನೂ ಕಣ್ತುಂಬ ನೋಡಿದ ಬಳಿಕ ಏರಿಯ ಮೇಲೆಯೇ ಒಮ್ಮೆ ಹಿಂದಿರುಗಿ ನಿಂತು ಹೊಲಗಳನ್ನೂ ಮಕ್ಕಳಿಗೆ ತೋರಿಸಿರಿ.