ತೋನ್ಸೆಪಾರಿನ ಚಿಪ್ಪು

ಉಡುಪಿ ಕಡೆಯವರಿಗೆ ಸೇಂಟ್ ಮೇರೀಸ್ ದ್ವೀಪ ಎಂದರೆ ನೆಂಟರು ಬಂದಾಗ ತೋರಿಸುವ ಜಾಗ. ಮಲ್ಪೆಯಿಂದ ಬೋಟು, ಅಲ್ಲೊಂದಿಷ್ಟು ಫೋಟೊ, ಮಧ್ಯಾಹ್ನ ವಾಪಸು ಬಂದು ಮೀನೂಟ. ಆ ದ್ವೀಪದಲ್ಲಿ ಏನಿದೆ ಎಂದು ನೆಂಟರು ಕೇಳಿದರೆ, ‘ಕಲ್ಲು ಚಂದ ಉಂಟು’ ಎಂಬಲ್ಲಿಗೆ ನಮ್ಮ ಉತ್ತರ ಮುಗಿಯುತ್ತದೆ.

ಕಲ್ಲು ಚಂದ ಇರುವುದು ನಿಜ. ಐದು, ಆರು ಮುಖಗಳ ಕಂಬಗಳನ್ನು ಯಾರೋ ಒತ್ತೊತ್ತಾಗಿ ನಿಲ್ಲಿಸಿಟ್ಟ ಹಾಗೆ ಕಾಣುತ್ತದೆ. ಲಾವಾ ತಣಿಯುವಾಗ ಕುಗ್ಗಿ, ಕೆರೆಯ ಒಣ ಕೆಸರು ಬಿರಿದಂತೆ ಬಿರುಕು ಬಿಟ್ಟಿತು. ಆ ಬಿರುಕು ಒಳಕ್ಕೆ ಇಳಿಯುತ್ತಾ ಹೋದಂತೆ ಕಂಬಗಳಾದವು. ಇದು ನಡೆದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಒಂದರಿಂದೊಂದು ಬೇರೆಯಾಗುತ್ತಿದ್ದ ಕಾಲದಲ್ಲಿ. ಅದೇ ಕಾಲದ ಅಗ್ನಿಶಿಲೆಗಳು ಮಡಗಾಸ್ಕರಿನಲ್ಲೂ ಇವೆ. ಅಂದರೆ ಈ ಕಲ್ಲಿನ ಒಡಹುಟ್ಟುಗಳು ಈಗ ಆಫ್ರಿಕಾದ ಪಕ್ಕದಲ್ಲಿವೆ! ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿರುವುದು ಇದಕ್ಕಾಗಿಯೇ.

ಹೆಸರಿನ ಕಥೆ ಬೇರೆ. 1498ರಲ್ಲಿ ಕಲ್ಲಿಕೋಟೆಯಿಂದ ಮರಳುತ್ತಿದ್ದ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟು, ಸಂತ ಮೇರಿಯ ಹೆಸರಿಟ್ಟ ಎನ್ನುತ್ತಾರೆ. ಇದಕ್ಕೆ ತೋನ್ಸೆಪಾರ್ ಎಂಬ ಹೆಸರೂ ಇದೆ. ತೋನ್ಸೆ ಎದುರಿನ ದಡದ ಊರು. ಇಲ್ಲಿರುವುದು ಒಂದೇ ದ್ವೀಪವಲ್ಲ, ನಾಲ್ಕು. ಅವುಗಳಲ್ಲೊಂದಾದ ದರಿಯಾಬಹಾದ್ದೂರ್‌ಗಡದ ಹೆಸರಲ್ಲೇ ಕೋಟೆಯ ನೆನಪಿದೆ. ನಾವು ಬೋಟಿನಿಂದ ಇಳಿಯುವುದು ತೆಂಗಿನ ಮರಗಳಿರುವ ದ್ವೀಪದಲ್ಲಿ.

ಅದರ ಪಡುವಣ ಅಂಚಿಗೆ ನಡೆದರೆ ಕಾಲಡಿಯಲ್ಲಿ ಮರಳಿಗಿಂತ ಹೆಚ್ಚಾಗಿ ಚಿಪ್ಪು. ಕಳೆದ ಸಲ ನಮ್ಮ ಜೊತೆ ಬಂದಿದ್ದ ಸಣ್ಣ ಹುಡುಗಿಯೊಬ್ಬಳು ತುಂಬ ಚಂದದ ಶಂಖವೊಂದನ್ನು ಹೆಕ್ಕಿ ಅಂಗೈಯಲ್ಲಿಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಅದರಿಂದ ಕಾಲುಗಳು ಹೊರಬಂದವು. ‘ಅಕ್ಕಾ, ಇದರಲ್ಲಿ ಯಾರೋ ಇದ್ದಾರೆ!’ ಎಂದು ಕಿರುಚಿದಳು. ಇದ್ದದ್ದು ಸನ್ಯಾಸಿ ಏಡಿ. ಅದರ ಹೊಟ್ಟೆಯ ಭಾಗ ಮೆತ್ತಗೆ, ರಕ್ಷಣೆಗೆ ಸ್ವಂತ ಚಿಪ್ಪಿಲ್ಲ. ಸತ್ತ ಶಂಖದ ಹುಳದ ಮನೆಯಲ್ಲಿ ವಾಸ. ಮೈ ಬೆಳೆದಂತೆ ಇನ್ನೂ ದೊಡ್ಡ ಖಾಲಿ ಚಿಪ್ಪು ಹುಡುಕಬೇಕು. ಸಿಗದಿದ್ದರೆ ಇಕ್ಕಟ್ಟಿನಲ್ಲೇ ಇರಬೇಕು, ಇಲ್ಲವೇ ಯಾವುದಾದರೂ ಹಕ್ಕಿಯ ಬಾಯಿಗೆ ಬೀಳಬೇಕು.

ಹುಡುಗಿ ಅದನ್ನು ನೀರಿನ ಬದಿಗೆ ಬಿಟ್ಟಳು. ಸುತ್ತ ಮುತ್ತ ದೊಡ್ಡವರು ಚೀಲ ತುಂಬುತ್ತಲೇ ಇದ್ದರು. ಖಾಲಿ ಚಿಪ್ಪಲ್ವಾ, ಯಾರಿಗೆ ನಷ್ಟ ಎಂಬುದು ಅವರ ಲೆಕ್ಕ. ಒಬ್ಬರು ಒಂದು ಹಿಡಿ ಒಯ್ದರೆ ಸಮುದ್ರಕ್ಕೆ ತಿಳಿಯಲಿಕ್ಕಿಲ್ಲ. ಆದರೆ ರಜಾದಿನಗಳಲ್ಲಿ ಬೋಟಿನ ಮೇಲೆ ಬೋಟು ಜನರನ್ನು ತಂದಿಳಿಸುತ್ತದೆ, ದ್ವೀಪವೋ ಅರ್ಧ ಕಿಲೋಮೀಟರ್ ಉದ್ದದ್ದು. ನಾವು ಒಯ್ಯುವುದು ಚಿಪ್ಪು, ಬಿಟ್ಟು ಬರುವುದು ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ.

ಸ್ಮಾರಕ ಎಂಬ ಫಲಕ ಕಲ್ಲಿನದು. ಆ ಕಂಬಗಳನ್ನು ಹೇಗೂ ಯಾರೂ ಕಿಸೆಯಲ್ಲಿ ಹಾಕಿಕೊಂಡು ಹೋಗಲಾರರು. ಹೋಗುವುದು ಸಣ್ಣವು, ಲೆಕ್ಕಕ್ಕೆ ಸಿಗದಂಥವು. ಮುಂದಿನ ಸಲ ನೆಂಟರು ಕೇಳಿದರೆ ಕಲ್ಲಿನ ಜೊತೆಗೆ ಏಡಿಯ ಮನೆಯ ಸಂಗತಿಯನ್ನೂ ಹೇಳಬೇಕು, ಅದೂ ಬೋಟು ಹತ್ತುವ ಮೊದಲೇ.