ಪಾಲಿನ್ ಕೇಳಿದ ಒಂದು ವರ್ಷ

ಮೂಕಿ ಕಾಲದ ಸಾಹಸ ಸೀರಿಯಲ್ ಅಂದ ಕೂಡಲೇ ಬಹಳ ಜನರ ಕಣ್ಣ ಮುಂದೆ ಬರೋದು ಒಂದೇ ಚಿತ್ರ: ರೈಲು ಹಳಿಗೆ ಕಟ್ಟಿಹಾಕಿದ ಹುಡುಗಿ, ಮೀಸೆ ತಿರುವುವ ಖಳ, ಕೊನೇ ಕ್ಷಣಕ್ಕೆ ಓಡಿಬರುವ ಹೀರೋ. ಇದನ್ನೇ ನೆಚ್ಚಿಕೊಂಡು ‘ದಿ ಪೆರಿಲ್ಸ್ ಆಫ್ ಪಾಲಿನ್’ ನೋಡಲು ಕೂತರೆ ನಿರಾಸೆ ಗ್ಯಾರಂಟಿ. 1914ರಲ್ಲಿ ಅಮೆರಿಕದ ಥಿಯೇಟರುಗಳಿಗೆ ಎರಡು ವಾರಕ್ಕೊಂದರಂತೆ ಬಂದ 20 ಕಂತುಗಳ ಸರಣಿ ಇದು. ಈಗ ಉಳಿದಿರುವುದು ಯುರೋಪಿಗಾಗಿ ಮೊಟಕುಗೊಳಿಸಿದ 9 ಕಂತುಗಳ ಆವೃತ್ತಿ ಮಾತ್ರ. ಅದರಲ್ಲಿ ಹಳಿಗೆ ಕಟ್ಟಿಹಾಕುವ ದೃಶ್ಯವೇ ಇಲ್ಲ!

ಕತೆ ಸಿಂಪಲ್. ಪಾಲಿನ್‌ಳನ್ನು ಸಾಕಿದವರ ಮಗ ಹ್ಯಾರಿ ಅವಳನ್ನು ಮದುವೆಯಾಗಬೇಕು ಅಂತಾನೆ. ಅವಳು ‘ಒಲ್ಲೆ’ ಅನ್ನೋದಿಲ್ಲ. ಮೊದಲು ಒಂದು ವರ್ಷ ಲೋಕ ಸುತ್ತಬೇಕು, ಸಾಹಸ ಮಾಡಬೇಕು, ಬರೀಬೇಕು ಅಂತಾಳೆ. ಸಾಕಿದ ಯಜಮಾನರು ತೀರಿಕೊಳ್ಳುತ್ತಾರೆ. ಮದುವೆಯಾಗುವವರೆಗೆ ಅವಳ ಆಸ್ತಿ ನೋಡಿಕೊಳ್ಳುವ ಕೆಲಸ ಅವರ ಕಾರ್ಯದರ್ಶಿಯ ಪಾಲಿಗೆ ಬರುತ್ತದೆ. ಅವಳನ್ನು ಮುಗಿಸಲು ಕಂತು ಕಂತಿಗೂ ಸಂಚು ಹೂಡುವವನು ಈ ಮಹಾಶಯನೇ. ಬಲೂನು, ಬಂಡೆ, ಬೆಂಕಿ ಎಲ್ಲ ಬರೀ ನೆಪ. ಅಪಾಯ ಇರೋದು ಮನೆಯೊಳಗೆ, ಲೆಕ್ಕದ ಪುಸ್ತಕ ಹಿಡಿದವನ ಕೈಯಲ್ಲಿ.

ಆ ಒಂದು ವರ್ಷದ ಚೌಕಾಸಿ ನನಗೂ ಗೊತ್ತು. ಆನ್‌ಸೈಟ್ ಅವಕಾಶ ಬಂದಾಗ ಅಪ್ಪನ ಹತ್ತಿರ ಕೇಳಿದ್ದು ಅಷ್ಟೇ: “ಒಂದೇ ವರ್ಷ ಅಪ್ಪಾ, ಆಮೇಲೆ ನೀವು ಹೇಳಿದ ಹಾಗೆ.” ಅಮ್ಮನಿಗೆ ನ್ಯೂಜೆರ್ಸಿಯ ಹಿಮದ ಭಯ, ರಾತ್ರಿ ರೈಲಿನ ಭಯ. ನಾನು ದಿನಾ ಫೋನಿನಲ್ಲಿ ಹೇಳುತ್ತಿದ್ದದ್ದು, “ಎಲ್ಲಾ ಚೆನ್ನಾಗಿದೆ ಅಮ್ಮ.”

ಒಂದು ಶನಿವಾರ ಫೋರ್ಟ್ ಲೀಗೆ ಹೋಗಿದ್ದೆ. ಹಾಲಿವುಡ್ ಇನ್ನೂ ಕಣ್ಣು ಬಿಡುತ್ತಿದ್ದಾಗ ಸಿನಿಮಾದವರ ಊರು ಅಂದರೆ ಇದೇ. 1931ರ ಜಾರ್ಜ್ ವಾಷಿಂಗ್ಟನ್ ಸೇತುವೆ ಆಗಿನ್ನೂ ಇರಲಿಲ್ಲ. ನ್ಯೂಯಾರ್ಕಿನ ನಟರು ಫೆರಿ ಹತ್ತಿ ಹಡ್ಸನ್ ನದಿ ದಾಟಿ ಬರುತ್ತಿದ್ದರು. ಪ್ರಪಾತದ ಸೀನ್ ಬೇಕಾದರೆ ಸೆಟ್ ಹಾಕುವ ಖರ್ಚಿಲ್ಲ, ನದಿ ಪಕ್ಕದಲ್ಲೇ ಪ್ಯಾಲಿಸೇಡ್ಸ್ ಬಂಡೆಗಳು ಗೋಡೆಯ ಹಾಗೆ ನಿಂತಿವೆ. ತಪ್ಪಿಸಿಕೊಂಡ ಬಲೂನಿನಿಂದ ಪಾಲಿನ್ ಹಗ್ಗ ಹಿಡಿದು ಇಳಿಯುವುದು ಈ ಬಂಡೆಗಳಿಗೇ. ಬೇಲಿ ಹಿಡಿದು ಕೆಳಗೆ ಇಣುಕಿದೆ. ಕಾಲು ಸಣ್ಣಗೆ ನಡುಗಿತು.

ಪಾಲಿನ್ ಪಾತ್ರದ ಪರ್ಲ್ ವೈಟ್ ಎಷ್ಟೋ ಸ್ಟಂಟುಗಳನ್ನು ನಿಜಕ್ಕೂ ತಾನೇ ಮಾಡಿದವಳು. ಆದರೆ ಭಯವೇ ಇಲ್ಲದವಳು ಅಂತ ಒಮ್ಮೆ ಹೆಸರಾದ ಮೇಲೆ ಆ ಹೆಸರು ಕಾಯಲೇಬೇಕಲ್ಲ? 1922ರಲ್ಲಿ ‘ಪ್ಲಂಡರ್’ ಸೀರಿಯಲ್‌ಗಾಗಿ ಜಾನ್ ಸ್ಟೀವನ್‌ಸನ್ ಎಂಬಾತ ಅವಳ ಥರದ ವಿಗ್ ಹಾಕಿಕೊಂಡು, ನ್ಯೂಯಾರ್ಕಿನ ಬೀದಿಯಲ್ಲಿ ಓಡುವ ಬಸ್ಸಿನ ನೆತ್ತಿಯಿಂದ ಮೇಲ್ಸೇತುವೆ ರೈಲಿನ ತೊಲೆಗೆ ಹಾರಿದ. ಕೈ ತಪ್ಪಿ ಬಿದ್ದು ಸತ್ತ. ಹೀರೋಯಿನ್‌ಗೆ ಭಯವಿಲ್ಲ ಅಂತ ತೋರಿಸೋದಕ್ಕೆ ತೆತ್ತ ಬೆಲೆ ಅದು.

ಅದೇ ವಾರ ವಿಡಿಯೋ ಕಾಲ್‌ನಲ್ಲಿ ಒಂದು ಸಂಬಂಧದವರು ಮಾತಾಡಿದ್ದರು. ಹುಡುಗನ ಚಿಕ್ಕಪ್ಪ ನಗುನಗುತ್ತಾ ಹೇಳಿದರು, “ಸಂಬಳ, ಸೇವಿಂಗ್ಸು ಎಲ್ಲಾ ನಮ್ಮ ಹುಡುಗನೇ ನೋಡ್ಕೋತಾನೆ ಬಿಡಿ. ನಿಮ್ಮ ಮಗಳಿಗ್ಯಾಕೆ ಆ ತಲೆಬಿಸಿ?” ನಮ್ಮನೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕಿದ್ದೆ.

ಸರಣಿಯ ಕೊನೆಗೆ ಪಾಲಿನ್ ಸಾಹಸ ಸಾಕು ಅಂತ ಹ್ಯಾರಿಯನ್ನೇ ಒಪ್ಪುತ್ತಾಳೆ. ಅವಳಿಷ್ಟ, ತಕರಾರಿಲ್ಲ. ಹ್ಯಾರಿ ಅವಳ ಲೆಕ್ಕದ ಪುಸ್ತಕ ಕೇಳಿದವನಲ್ಲ.

ನಾನು ಅಪ್ಪನಿಗೆ ಫೋನ್ ಮಾಡಿದೆ. “ಇಲ್ಲಿ ನನಗೆ ಭಯ ಇಲ್ಲ ಅಪ್ಪಾ. ಅವರ ಮಾತು ಕೇಳಿ ಭಯ ಆಯ್ತು.”

ಆ ಕಡೆ ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು. ಆಮೇಲೆ ಅಪ್ಪ ಅಂದರು, “ಹಾಗಾದ್ರೆ ಬೇಡ ಬಿಡಮ್ಮಾ. ಅವರಿಗೆ ನಾನೇ ಹೇಳ್ತೀನಿ.”